ಬೆಂಕಿ ಹತ್ತುತ್ತೆ, ಆದರೆ ನಿಲ್ಲಲ್ಲ

ಜನವರಿ ಮೂರನೇ ವಾರ, ಬೆಳಿಗ್ಗೆ ಏಳೂವರೆ. ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆ ಕಟ್ಟೆಯ ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡು ಕಾಫಿ ಕುಡಿಯುತ್ತಾ ಕೂತಿದ್ದೆ. ಮಗಳ ವಾಟ್ಸಾಪ್ ಕಾಲ್ ಬಂತು. ಅವಳಿರೋದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ. ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಎಂಟು ಗಂಟೆ.

"ಅಪ್ಪಾಜಿ, ಫರ್ನೇಸ್ ನಿಂತೋಗಿದೆ. ಮನೆ ತಣ್ಣಗಾಗ್ತಾ ಇದೆ."

ಫರ್ನೇಸ್ ಅಂದರೆ ಅಲ್ಲಿ ಇಡೀ ಮನೆ ಬಿಸಿ ಮಾಡುವ ಯಂತ್ರ. ಹೊರಗೆ ಎಷ್ಟಿದೆ ಅಂದೆ. ಮೈನಸ್ 24 ಅಂದಳು. ಒಳಗೆ? 61 ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 16 ಡಿಗ್ರಿ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನಮ್ಮ ಮನೆಯವರು, "ಅಷ್ಟೇನಾ? ನಮ್ಮನೇಲೂ ಅಷ್ಟೇ ಇದೆಯಲ್ಲ" ಅಂದರು. ಮಾತು ನಿಜ. ದಾವಣಗೆರೆಯಲ್ಲಿ ಜನವರಿ ಬೆಳಗಿನ ಜಾವ ಅಷ್ಟೇ ಇರುತ್ತೆ. ಆದರೆ ನಮ್ಮದು ಎಂಟು ಗಂಟೆಗೆ ಏರೋಕೆ ಶುರುವಾಗುತ್ತೆ. ಅವಳದು ಇಳೀತಾ ಹೋಗುತ್ತೆ, ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ. ಸೊನ್ನೆಗೆ ಹೋದರೆ ಗೋಡೆಯೊಳಗಿನ ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯುತ್ತೆ. ಅಳಿಯಂದಿರು ಆಫೀಸ್ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ರಿಪೇರಿಯವನು ನಾಳೆ ಮಧ್ಯಾಹ್ನ ಬರ್ತೀನಿ ಅಂದಿದ್ದನಂತೆ. ಮನೆಯಲ್ಲಿ ಮಗಳು, ಎರಡು ವರ್ಷದ ಮೊಮ್ಮಗ, ಇಬ್ಬರೇ.

ನಾನು ಆ ಯಂತ್ರ ನೋಡಿದವನೇ. ಮಗಳ ಬಾಣಂತನಕ್ಕೆ ಹೋದಾಗ ಅಲ್ಲಿ ಐದು ತಿಂಗಳು ಇದ್ದೆವು. ಇವರಿಗೆ ಕೈತುಂಬ ಕೆಲಸ. ನನಗೆ ಹೊರಗೆ ಕಾಲಿಡೋಕೂ ಆಗದ ಚಳಿ. ದಿನಕ್ಕೆರಡು ಸಲ ಬೇಸ್‌ಮೆಂಟಿಗೆ ಇಳಿದು ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಬಾಯ್ಲರ್ ಮುಂದೆ ಜೀವನ ಕಳೆದವನಿಗೆ ಇನ್ನೇನು ಬೇಕು? ಕಾಟನ್ ಮಿಲ್ಲಿನಲ್ಲಿ ನೂಲಿಗೆ ಗಂಜಿ ಹಾಕುವ ಸೈಜಿಂಗ್ ವಿಭಾಗಕ್ಕೆ ಸ್ಟೀಮ್ ಕೊಡುವ ಬಾಯ್ಲರ್ ನೋಡಿಕೊಂಡೆ. ಮಿಲ್ ಮುಚ್ಚಿದ ಮೇಲೆ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ಹೊಟ್ಟು ಉರಿಸುವ ಬಾಯ್ಲರ್. ಸೆಕೆಂಡ್ ಕ್ಲಾಸ್ ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟ್ ಇನ್ನೂ ಬೀರುವಿನಲ್ಲಿದೆ.

ಅವರ ಫರ್ನೇಸ್ ಅಂದರೆ ಒಂದು ಗಾಡ್ರೇಜ್ ಬೀರುವಿನಷ್ಟು ತಗಡಿನ ಪೆಟ್ಟಿಗೆ. ಒಳಗೆ ಗ್ಯಾಸ್ ಉರಿಯುತ್ತೆ. ಆ ಬಿಸಿ ಹೊಗೆ ಲೋಹದ ಕೊಳವೆಗಳೊಳಗೆ ಸುತ್ತಿ ಹೊರಗೆ ಹೋಗುತ್ತೆ. ಮನೆಯ ಗಾಳಿ ಆ ಕೊಳವೆಗಳ ಹೊರಮೈ ಸವರಿಕೊಂಡು ಬಿಸಿಯಾಗುತ್ತೆ. ದೊಡ್ಡ ಬ್ಲೋವರ್ ಅದನ್ನು ಕೋಣೆ ಕೋಣೆಗೆ ತಳ್ಳುತ್ತೆ. ಹೊಗೆಯ ದಾರಿ ಬೇರೆ, ಮನೆ ಗಾಳಿಯ ದಾರಿ ಬೇರೆ. ಅವೆರಡೂ ಸೇರಬಾರದು. ನಮ್ಮ ಬಚ್ಚಲ ಹಂಡೆಯಲ್ಲಿ ಬೆಂಕಿ ಹೊರಗೆ, ನೀರು ಒಳಗೆ. ಇಲ್ಲಿ ಬೆಂಕಿ ಒಳಗೆ, ನೀರಿನ ಬದಲು ಗಾಳಿ. ಅಷ್ಟೇ ವ್ಯತ್ಯಾಸ.

ಮಗಳು ಅಷ್ಟರಲ್ಲಿ ನೆಟ್‌ನಲ್ಲಿ ಏನೇನೋ ಓದಿ ಗಾಬರಿಯಾಗಿದ್ದಳು. ಬಿಸಿ ಎಷ್ಟಿರಬೇಕು ಅಂತ ಹೇಳುವ ಥರ್ಮೋಸ್ಟ್ಯಾಟ್ ಬದಲಾಯಿಸಲಾ, ಫರ್ನೇಸ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆಯಾ, ಹೊಸ ಫರ್ನೇಸೇ ಬೇಕಾಗುತ್ತಾ ಅಂತ. ನಾನು ಹೇಳಿದೆ, "ಸುಮ್ನಿರಮ್ಮ. ಮೊದಲು ಅಡುಗೆಮನೆ ನಲ್ಲಿ ಒಂದು ಚೂರು ಬಿಟ್ಟಿರು, ನೀರು ಹನಿ ಹನಿ ಬೀಳ್ತಾ ಇರಲಿ. ಮಗೂಗೆ ಸ್ವೆಟರ್ ಹಾಕು. ಆಮೇಲೆ ನಿಧಾನಕ್ಕೆ ನೋಡೋಣ."

ಮೊದಲು ಗೋಡೆ ಮೇಲಿನ ಥರ್ಮೋಸ್ಟ್ಯಾಟ್. ಹೀಟ್ ಅಂತಲೇ ಇತ್ತು, 70ಕ್ಕೆ ಇಟ್ಟಿತ್ತು. ಫ್ಯಾನ್ ಆಟೋದಲ್ಲಿತ್ತು. ಇದನ್ನು ಯಾಕೆ ಕೇಳಿದೆ ಅಂದರೆ, ಫ್ಯಾನ್ ಆನ್‌ನಲ್ಲಿದ್ದರೆ ಬೆಂಕಿ ಇಲ್ಲದಾಗಲೂ ಬ್ಲೋವರ್ ತಿರುಗುತ್ತಲೇ ಇರುತ್ತೆ. ತಣ್ಣನೆ ಗಾಳಿ ಬರ್ತಿದೆ, ಕೆಟ್ಟಿದೆ ಅಂತ ಜನ ದುಡ್ಡು ಕೊಟ್ಟು ಮೆಕ್ಯಾನಿಕ್ ಕರೆಸುತ್ತಾರೆ. ಸೆಲ್ ಹೊಸದು ಹಾಕಿಸಿದೆ, ಏನೂ ಬದಲಾಗಲಿಲ್ಲ. ಬೇಸ್‌ಮೆಂಟ್ ಮೆಟ್ಟಿಲ ಪಕ್ಕ ಅದಕ್ಕೊಂದು ಸ್ವಿಚ್ ಇದೆ, ಥೇಟ್ ಲೈಟ್ ಸ್ವಿಚ್ ತರಾನೇ. ನಾವಿದ್ದಾಗ ಇವರೇ ಒಂದು ಸಲ ಲೈಟ್ ಅಂತ ಅದನ್ನು ಆಫ್ ಮಾಡಿ ಬಂದಿದ್ದರು. ಈ ಸಲ ಅದೂ ಸರಿ ಇತ್ತು.

"ಫಿಲ್ಟರ್ ಎಳಿ" ಅಂದೆ. ಎಳೆದು ಕ್ಯಾಮೆರಾ ಮುಂದೆ ಹಿಡಿದಳು. ನನಗೆ ಮಾತೇ ಹೊರಡಲಿಲ್ಲ. ಚಳ್ಳಕೆರೆ ಕಂಬಳಿ ನೋಡಿದೀರಲ್ಲ, ಹಾಗಿತ್ತು. ಯಾವಾಗ ಬದಲಾಯಿಸಿದ್ದು ಅಂದರೆ, "ನೀವು ಬಂದಾಗ ನೀವೇ ಬದಲಾಯಿಸಿದ್ರಲ್ಲ ಅಪ್ಪಾಜಿ" ಅಂದಳು. ಒಂದಿಂಚು ದಪ್ಪದ ಆ ಫಿಲ್ಟರನ್ನು ತಿಂಗಳಿಗೋ ಎರಡು ತಿಂಗಳಿಗೋ ಬದಲಾಯಿಸಬೇಕು, ಹೆಚ್ಚೆಂದರೆ ಮೂರು. ಅದು ಕಟ್ಟಿಕೊಂಡರೆ ಗಾಳಿ ಹಾಯೋದಿಲ್ಲ. ಗಾಳಿ ಹಾಯದಿದ್ದರೆ ಒಳಗಿನ ಕೊಳವೆಗಳ ಬಿಸಿ ಇಳಿಯೋದಿಲ್ಲ. ಆಗ ಲಿಮಿಟ್ ಸ್ವಿಚ್ ಅನ್ನೋದು ಗ್ಯಾಸ್ ನಿಲ್ಲಿಸಿಬಿಡುತ್ತೆ. ತಣ್ಣಗಾದ ಮೇಲೆ ಮತ್ತೆ ಹತ್ತುತ್ತೆ, ಮತ್ತೆ ನಿಲ್ಲುತ್ತೆ. ಹೀಗೇ ಬೇಯುತ್ತಾ ಬೇಯುತ್ತಾ ಒಂದು ದಿನ ಕೊಳವೆ ಸೀಳು ಬಿಡಬಹುದು. ಪುಣ್ಯಕ್ಕೆ ಒಂದು ಹೊಸ ಫಿಲ್ಟರ್ ಮನೆಯಲ್ಲಿತ್ತು. ಅದರ ಮೇಲಿನ ಬಾಣದ ಗುರುತು ಫರ್ನೇಸ್ ಕಡೆ ಇರಲಿ ಅಂತ ಹೇಳಿ ಹಾಕಿಸಿದೆ.

ಆದರೂ ಹತ್ತಲಿಲ್ಲ.

ಅವಳ ಫರ್ನೇಸ್ ಹೊಸ ತರದ್ದು. ಹೊಗೆಯಲ್ಲಿರೋ ಬಿಸಿಯನ್ನೂ ಬಿಡದೆ ಹೀರಿಕೊಳ್ಳುತ್ತೆ. ಹಾಗಾಗಿ ಹೊಗೆ ಅಷ್ಟು ತಣ್ಣಗಿರುತ್ತೆ, ಚಿಮಣಿ ಬದಲು ಪಿವಿಸಿ ಪೈಪೇ ಸಾಕು. ಒಂದು ಪೈಪ್ ಗಾಳಿ ಎಳೆದುಕೊಳ್ಳೋಕೆ, ಇನ್ನೊಂದು ಹೊಗೆ ಬಿಡೋಕೆ. ಎರಡೂ ಮನೆಯ ಪಕ್ಕದ ಗೋಡೆಯಿಂದ ಹೊರಗೆ ಬರುತ್ತವೆ. ಹಿಮ ಜಾಸ್ತಿ ಬಿದ್ದರೆ ಅವೇ ಮೊದಲು ಮುಚ್ಚಿಹೋಗೋದು. ಕೋಟು, ಬೂಟು, ಟಾರ್ಚ್ ಎಲ್ಲ ಹಾಕಿಕೊಂಡು ಹೋಗಿ ನೋಡಿದಳು. ಕೆಳಗಿನ ಪೈಪಿನ ಬಾಯಿಗೆ ಅರ್ಧ ಹಿಮ ಬಂದಿತ್ತು. ಕೈಯಲ್ಲೇ ತೆಗೆದಳು. ಒಳಗೆ ಬಂದಾಗ ರೆಪ್ಪೆಯ ಮೇಲೆ ಬೆಳ್ಳಗೆ ಮಂಜು ಕೂತಿತ್ತು. ಆ ವಿಡಿಯೋ ನೋಡಿ ನಮ್ಮ ಮನೆಯವರು ಎದ್ದು ಒಳಗೆ ಹೋದರು. ಪೂಜೆ ಗಂಟೆ ಕೇಳಿಸಿತು.

ಅಷ್ಟಾದರೂ ಫರ್ನೇಸ್ ನಡೆಯಲಿಲ್ಲ ನೋಡಿ. ಆಗ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. "ಸ್ವಿಚ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡು. ಫೋನ್ ಅದರ ಬಾಗಿಲ ಹತ್ತಿರ ಹಿಡಿ. ಮಾತಾಡಬೇಡ, ನಾನು ಕೇಳಬೇಕು" ಅಂದೆ.

ಮೊದಲು ಸಣ್ಣ ಫ್ಯಾನ್ ಸದ್ದು ಬಂತು, ಸೊಂಯ್ ಅಂತ. ಅದು ಒಳಗೆ ಉಳಿದ ಗ್ಯಾಸನ್ನೆಲ್ಲ ಎಳೆದು ಹೊರಹಾಕುತ್ತೆ. ನಾವು ಮಿಲ್ಲಿನಲ್ಲಿ ಐಡಿ ಫ್ಯಾನ್ ಅಂತಿದ್ವಿ. ಮೊದಲು ಗಾಳಿ, ಆಮೇಲೆ ಬೆಂಕಿ. ಬಾಯ್ಲರ್ ಮನೆಯಲ್ಲಿ ಕಲಿಸುತ್ತಿದ್ದ ಮೊದಲ ಪಾಠ ಅದು. ಆಮೇಲೆ ಟಿಕ್ ಅಂತ ಒಂದು ಸದ್ದು. ಗಾಳಿ ಸರಿಯಾಗಿ ಎಳೆಯುತ್ತಿದೆ ಅಂತ ಪ್ರೆಷರ್ ಸ್ವಿಚ್ ಒಪ್ಪಿಕೊಂಡಿತು. ಅಲ್ಲಿಗೆ ಹೊರಗಿನ ಪೈಪಿನದು ತಪ್ಪಲ್ಲ ಅಂತ ಆಯ್ತು. ಸ್ವಲ್ಪ ಹೊತ್ತು ಮೌನ. "ಒಳಗೆ ಕೆಂಪಗೆ ಕಾಣ್ತಿದೆ ಅಪ್ಪಾಜಿ" ಅಂದಳು. ಅದು ಇಗ್ನೈಟರ್. ಕಡ್ಡಿ ಗೀರೋ ಬದಲು ಕಾದು ಕೆಂಡವಾಗಿ ಬೆಂಕಿ ಹತ್ತಿಸುತ್ತೆ. ಆಮೇಲೆ ಭುಸ್! ಗ್ಯಾಸ್ ಹತ್ತಿತು. ನಾನು ಬೆರಳು ಮಡಚಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಟಪ್. ಆರಿಹೋಯ್ತು.

ಮತ್ತೆ ಸೊಂಯ್, ಮತ್ತೆ ಕೆಂಪು, ಮತ್ತೆ ಭುಸ್, ನಾಲ್ಕು ಎಣಿಸೋದರೊಳಗೆ ಟಪ್. ಮೂರು ಸಲ ಹೀಗಾಗಿ ಸುಮ್ಮನಾಯ್ತು. ಬಾಗಿಲ ಸಣ್ಣ ಗಾಜಿನ ಹಿಂದೆ ಒಂದು ದೀಪ ಮಿಣುಕುತ್ತಿತ್ತು. ಎಷ್ಟು ಸಲ ಮಿಣುಕಿದರೆ ಏನು ಅರ್ಥ ಅಂತ ಬಾಗಿಲ ಒಳಮೈಯಲ್ಲಿ ಚೀಟಿ ಅಂಟಿಸಿರುತ್ತಾರೆ. ಕಂಪನಿಗೊಂದು ಲೆಕ್ಕ. ಓದಿಸಿದೆ. ನನ್ನ ಅಂದಾಜೇ ಅಲ್ಲೂ ಬರೆದಿತ್ತು.

ಇಲ್ಲಿ ಒಂದು ಹಳೇ ಕಥೆ ಹೇಳಲೇಬೇಕು. ನನಗೆ ಆಗ 26 ವರ್ಷ. ಮಿಲ್ಲಿಗೆ ಫರ್ನೇಸ್ ಆಯಿಲ್ ಉರಿಸುವ ಬಾಯ್ಲರ್ ಹೊಸದಾಗಿ ಬಂದಿತ್ತು. ಒಂದು ರಾತ್ರಿ ಪಾಳಿಯಲ್ಲಿ ಬರ್ನರ್ ಹತ್ತುತ್ತೆ, ಆರುತ್ತೆ, ಹತ್ತುತ್ತೆ, ಆರುತ್ತೆ. ಸೈಜಿಂಗ್‌ನಿಂದ ಸ್ಟೀಮ್ ಎಲ್ಲಿ ಅಂತ ಕೂಗಾಟ. ನಾನು ನಾಜಲ್ ಬಿಚ್ಚಿದೆ, ಆಯಿಲ್ ಫಿಲ್ಟರ್ ತೊಳೆದೆ, ಪಂಪ್ ನೋಡಿದೆ. ಎರಡು ಗಂಟೆ ಹೋಯ್ತು. ನಮ್ಮ ಹಿರಿಯ ಅಟೆಂಡೆಂಟ್ ಬೀಡಿ ಆರಿಸಿ ಎದ್ದು ಬಂದರು. ಬರ್ನರ್ ಪಕ್ಕದಿಂದ, ಬೆಂಕಿಯ ಬೆಳಕು ಗುರುತಿಸುವ ಹೆಬ್ಬೆರಳಿನಷ್ಟು ಸಣ್ಣದೊಂದು ಫೋಟೋಸೆಲ್ ಎಳೆದರು. ಪಂಚೆ ತುದಿಯಿಂದ ಒರೆಸಿ ವಾಪಸ್ ಸಿಕ್ಕಿಸಿದರು. ಬಾಯ್ಲರ್ ಬೆಳಗಿನವರೆಗೆ ಉರೀತು. "ಬೆಂಕಿಗೆ ಏನೂ ಆಗಿಲ್ಲ ಕಣಯ್ಯ. ಇದರ ಕಣ್ಣಿಗೆ ಮಸಿ ಹಿಡಿದಿತ್ತು" ಅಂದರು.

ಮಗಳ ಫರ್ನೇಸಿನಲ್ಲಿ ಫೋಟೋಸೆಲ್ ಇಲ್ಲ. ಫ್ಲೇಮ್ ಸೆನ್ಸರ್ ಅಂತ ಒಂದು ಲೋಹದ ಕಡ್ಡಿ ಇದೆ, ಬೆಂಕಿಯೊಳಗೇ ಚಾಚಿಕೊಂಡಿರುತ್ತೆ. ಬೆಂಕಿ ಒಂಚೂರು ಕರೆಂಟ್ ಹಾಯಿಸುತ್ತೆ, ಮೈಕ್ರೋ ಆಂಪಿಯರ್ ಲೆಕ್ಕದಲ್ಲಿ. ಕಡ್ಡಿಯ ಮೂಲಕ ಅಷ್ಟು ಕರೆಂಟ್ ಹರಿದರೆ ಬೋರ್ಡಿಗೆ ಬೆಂಕಿ ಇದೆ ಅಂತ ನಂಬಿಕೆ. ಕಡ್ಡಿಯ ಮೇಲೆ ಬೂದಿಯಂಥ ಪದರ ಕೂತರೆ ಕರೆಂಟ್ ಹರಿಯೋದಿಲ್ಲ. ಬೆಂಕಿ ಧಗಧಗ ಉರೀತಿದ್ದರೂ ಬೋರ್ಡಿಗೆ ಕಾಣೋದಿಲ್ಲ. ಉರಿಯದ ಗ್ಯಾಸ್ ತುಂಬಿಕೊಳ್ಳಬಾರದು ಅಂತ ಮುಚ್ಚಿಬಿಡುತ್ತೆ. ಅದು ಮಾಡೋದು ಸರಿಯೇ.

"ಈಗ ಸ್ವಿಚ್ ಆಫ್ ಮಾಡು. ಗ್ಯಾಸ್ ಪೈಪಿನ ಹಿಡಿ ಅಡ್ಡ ತಿರುಗಿಸು." ಎರಡೂ ಆಯ್ತು ಅಂತ ಕ್ಯಾಮೆರಾದಲ್ಲಿ ನೋಡಿದ ಮೇಲೇ ಮುಂದಿನ ಮಾತು. ಬರ್ನರುಗಳ ಒಂದು ತುದಿಯಲ್ಲಿ ಇಗ್ನೈಟರ್, ಇನ್ನೊಂದು ತುದಿಯಲ್ಲಿ ಒಂದೇ ವೈರ್ ಇರೋ ಕಡ್ಡಿ. "ಇಗ್ನೈಟರ್ ಮುಟ್ಟಬೇಡ, ಅದು ಬಳೆಗಿಂತ ನಾಜೂಕು. ಕೈ ಜಿಡ್ಡು ತಾಗಿದರೂ ಕೆಡಬಹುದು." ಸೆನ್ಸರಿಗೆ ಒಂದೇ ಸ್ಕ್ರೂ. ಬಿಚ್ಚಿ ಎಳೆದಳು. ದಬ್ಬಳದಷ್ಟು ದಪ್ಪ, ಬುಡದಲ್ಲಿ ಬಿಳಿ ಪಿಂಗಾಣಿ. ಕಡ್ಡಿ ತುಂಬ ಮಾಸಲು ಬಣ್ಣ, ಹಂಡೆಯ ತಳದಲ್ಲಿ ಕಟ್ಟಿಕೊಂಡ ಸುಣ್ಣದ ತರ.

"ಇಷ್ಟೇನಾ?" ಅಂದಳು.

ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹೊಸದು ಇದೆಯಾ ಅಂದೆ. ಇತ್ತು. ಒಣಗಿದ್ದೇ ಇರಬೇಕು, ಸೋಪು ತಾಗಿರಬಾರದು. ಮೆತ್ತಗೆ ಹತ್ತು ಸಲ ಉಜ್ಜಿ ಬಟ್ಟೆಯಲ್ಲಿ ಒರೆಸು ಅಂದೆ. ದಪ್ಪ ಸ್ಯಾಂಡ್ ಪೇಪರ್ ಬೇಡ, ಗೀರು ಬಿದ್ದರೆ ಕೊಳೆ ಇನ್ನೂ ಬೇಗ ಹಿಡಿಯುತ್ತೆ. ಪಿಂಗಾಣಿ ಒಡೆಯದಂತೆ ವಾಪಸ್ ಸಿಕ್ಕಿಸಿದಳು. ಗ್ಯಾಸ್ ಹಿಡಿ ಮೊದಲಿನಂತೆ ತಿರುಗಿಸಿ, ಸ್ವಿಚ್ ಆನ್ ಮಾಡಿದಳು. ಬಾಗಿಲನ್ನು ಮೊದಲ ಸಲ ಸರಿಯಾಗಿ ಕೂರಿಸಲಿಲ್ಲ, ಏನೂ ಸದ್ದೇ ಇಲ್ಲ. ಬಾಗಿಲ ಹಿಂದೆ ಒಂದು ಸ್ವಿಚ್ ಇರುತ್ತೆ, ಅದು ಒತ್ತದಿದ್ದರೆ ಇಡೀ ಯಂತ್ರ ಸತ್ತಂತೆ. ಅದು ಮರೆತುಹೋಗಿತ್ತು ನನಗೆ. ಬಾಗಿಲು ಮತ್ತೆ ಒತ್ತಿಸಿದೆ.

ಸೊಂಯ್. ಟಿಕ್. ಕೆಂಪು. ಭುಸ್.

ಒಂದು, ಎರಡು, ಮೂರು, ನಾಲ್ಕು, ಐದು, ಆರು. ಹತ್ತಾಯ್ತು. ಇಪ್ಪತ್ತಾಯ್ತು. ಅರ್ಧ ನಿಮಿಷ ಕಳೆದ ಮೇಲೆ ದೊಡ್ಡ ಬ್ಲೋವರ್ ತಿರುಗಿತು. ಮಗಳು ಮೇಲೆ ಓಡಿ ನೆಲದ ಜಾಲರಿ ಮೇಲೆ ಕೈ ಇಟ್ಟು "ಬಿಸಿ ಬರ್ತಿದೆ" ಅಂದಳು. ಮೊಮ್ಮಗ ಹೋಗಿ ಅದರ ಮೇಲೇ ಕೂತ. ನನ್ನ ಕಾಫಿ ಆರಿ ಕೆನೆ ಕಟ್ಟಿತ್ತು. ಗಂಟೆ ಒಂಬತ್ತು.

ಇದನ್ನು ಓದಿ ಯಾರಾದರೂ ಎಲ್ಲಾ ನಾವೇ ಬಿಚ್ಚಬಹುದು ಅಂದುಕೊಂಡರೆ ನನಗೆ ಬೇಜಾರು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಕೂಡ ಮುಟ್ಟದೆ ಮನೆಯಿಂದ ಹೊರಗೆ ಹೋಗಿ, ಹೊರಗಿನಿಂದ ಫೋನ್ ಮಾಡಿ ಅಂತ ಅವಳಿಗೆ ಮೊದಲೇ ಹೇಳಿದ್ದೆ. ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಕೂಗಿದರೂ ಅಷ್ಟೇ, ಮೈನಸ್ 24 ಇದ್ದರೂ ಹೊರಗೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆ ಬಂದಂತೆ ಆಗುತ್ತೆ. ನಮ್ಮೂರಲ್ಲೂ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಸಿಕೊಂಡು, ಚಳಿ ಅಂತ ಕಿಟಕಿಗೆ ರಟ್ಟು ಬಡಿಯುತ್ತಾರಲ್ಲ, ಅದೇ ವಿಷ ಇದು. ನಮ್ಮ ಬೀದಿಯ ಎರಡು ಮನೆಗಳಲ್ಲಿ ನಾನೇ ನಿಂತು ರಟ್ಟು ಕೀಳಿಸಿದ್ದೇನೆ. ಗೀಸರನ್ನೇ ಬಚ್ಚಲಿಂದ ಹೊರಗೆ ಹಾಕಿಸಿ ಅಂತಲೂ ಬೆನ್ನು ಹತ್ತಿದ್ದೇನೆ. ಅವರು ನನ್ನ ಜೊತೆ ಮಾತಾಡೋದು ಸ್ವಲ್ಪ ಕಮ್ಮಿ ಮಾಡಿದ್ದಾರೆ, ಪರವಾಗಿಲ್ಲ.

ಮಾರನೇ ದಿನ ಮಧ್ಯಾಹ್ನ ರಿಪೇರಿಯವನು ಬಂದ. ಬೇಡ ಅನ್ನಬೇಡ, ಬರಲಿ ಅಂತ ನಾನೇ ಹೇಳಿದ್ದೆ. ಮೀಟರ್ ಹಾಕಿ ನೋಡಿದ. ಸೆನ್ಸರ್ ಕರೆಂಟ್ ಚೆನ್ನಾಗಿದೆ ಅಂದನಂತೆ. ಕೊಳವೆಗಳಲ್ಲಿ ಸೀಳು ಇದೆಯಾ ಅಂತ ಪರೀಕ್ಷೆ ಮಾಡಿದ, ಇಲ್ಲ. ಹೊಗೆಯಿಂದ ಇಳಿಯೋ ನೀರು ಹೋಗುವ ಸಣ್ಣ ಪೈಪ್ ತೊಳೆದ. ಅದು ಕಟ್ಟಿದ್ದರೂ ಫರ್ನೇಸ್ ನಿಲ್ಲುತ್ತೆ, ನನಗದು ಹೊಳೆದಿರಲಿಲ್ಲ. ಕರೆಸಿದ್ದು ಒಳ್ಳೇದೇ ಆಯ್ತು.

ವರ್ಷಕ್ಕೊಂದು ಸಲ ಸೆನ್ಸರ್ ಯಾವಾಗ ಉಜ್ಜಲಿ ಅಂತ ಮಗಳು ಕೇಳಿದಳು. ಆಯುಧಪೂಜೆಗೆ ಅಂದೆ. ಮಿಲ್ಲಿನಲ್ಲಿ ನಾವು ಬಾಯ್ಲರ್ ತಣ್ಣಗೆ ಮಾಡಿ ಮಸಿ ತೆಗೆಯುತ್ತಿದ್ದದ್ದು ಅದಕ್ಕೇ. ಅವರ ಕಡೆ ಚಳಿ ಶುರುವಾಗೋದೂ ಅದೇ ಹೊತ್ತಿಗೆ.

"ಕುಂಕುಮ ಹಚ್ಚಬಹುದಾ?"

"ಬಾಗಿಲ ಹೊರಗೆ ಹಚ್ಚಮ್ಮ, ಒಳಗೆ ಬೇಡ. ಹಾರ ಹಾಕೋದಾದ್ರೆ ಆ ಬಿಳಿ ಪೈಪಿನ ಬಾಯಿಗೆ ಮಾತ್ರ ಹಾಕಬೇಡ."