ಬಣ್ಣ ನೋಡಿ ಹೆಸರು ಹೇಳಬೇಡಿ

ಪಿಗ್ಮಿ ಮಿಡತೆಗಳ ಫೋಟೊ ಹರಡಿಕೊಂಡು ಕೂತಿದ್ದೇನೆ. ಒಂದು ಕಂದು, ಒಂದು ಬೂದು, ಇನ್ನೊಂದರ ಬೆನ್ನ ಮೇಲೆ ಬಿಳಿ ಪಟ್ಟೆ. ಮೂರೂ ಒಂದೇ ಜಾತಿ ಆಗಿರಬಹುದು! ನಮ್ಮ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೇ, ಅಲ್ವಾ? ಇಲ್ಲಿ ಜಾಸ್ತಿ ದಾರಿ ತಪ್ಪಿಸುವುದೂ ಅದೇ.

ಇವು ಟೆಟ್ರಿಜಿಡೆ, ಅಂದರೆ ಪಿಗ್ಮಿ ಮಿಡತೆಗಳ ಕುಟುಂಬ, ಅಂತ ಹೇಳುವುದು ಸುಲಭ. ಕತ್ತಿನ ಮೇಲಿನ ಗಡುಸು ಕವಚ ಹಿಂದಕ್ಕೆ ಚಾಚಿ ಹೊಟ್ಟೆಯನ್ನೇ ಮುಚ್ಚಿರುತ್ತದೆ. ಮುಂದಿನ ರೆಕ್ಕೆ ಪುಟ್ಟ ಹುರುಪೆಯಷ್ಟೇ. ಜಾತಿ ಯಾವುದು ಅಂದಾಗ ತಲೆನೋವು ಶುರು. ಎರಡು ಕಣ್ಣುಗಳ ನಡುವಿನ ಜಾಗ ಒಂದು ಕಣ್ಣಿಗಿಂತ ಅಗಲವೋ ಕಿರಿದೋ? ಬೆನ್ನ ನಡುವಿನ ಏಣು ಪಕ್ಕದಿಂದ ನೇರವೋ ಕಮಾನೋ? ಮೀಸೆ ಹುಟ್ಟುವುದು ಕಣ್ಣಿನ ಯಾವ ಮಟ್ಟದಲ್ಲಿ? ನಡುಗಾಲಿನ ತೊಡೆಯ ಅಂಚು ನೆಟ್ಟಗಿದೆಯೋ, ಅಲೆಯಂತಿದೆಯೋ?

ಕವಚದ ಉದ್ದವನ್ನೂ ಪೂರ್ತಿ ನಂಬುವ ಹಾಗಿಲ್ಲ. ಕೆಲವು ಜಾತಿಗಳಲ್ಲಿ ಉದ್ದ ಕವಚ, ಉದ್ದ ಹಿಂರೆಕ್ಕೆ ಇರುವವೂ ಉಂಟು, ಎರಡೂ ಗಿಡ್ಡ ಇರುವವೂ ಉಂಟು.

ಮೇಲಿನಿಂದ ತೆಗೆದ ಒಂದು ಚಂದದ ಫೋಟೊಗಿಂತ ಮುಖ, ಪಕ್ಕ, ಬೆನ್ನು ಕಾಣುವ ಮೂರು ಸಾದಾ ಫೋಟೊ ವಾಸಿ. ಮರಿಗಳಾದರೆ ನಾನು ಸುಮ್ನೆ ಕುಟುಂಬದ ಹೆಸರು ಬರೆದು ಮುಂದೆ ಹೋಗುತ್ತೇನೆ.