ಶಾಂತಿನಿಕೇತನದಲ್ಲಿ ಮೂರು ವಾರ: ಕಲಾ ರೆಸಿಡೆನ್ಸಿಗೆ ಹೊರಡುವ ವಿದ್ಯಾರ್ಥಿಗಳಿಗೆ

2023ರ ನವೆಂಬರಿನಲ್ಲಿ ಪಶ್ಚಿಮ ಬಂಗಾಳದ ಶಾಂತಿನಿಕೇತನದ ರೆಸಿಡೆನ್ಸಿಗೆ (ಕೆಲವು ವಾರ ಅಲ್ಲೇ ಉಳಿದು ಕಲೆಯ ಕೆಲಸ ಮಾಡುವ ಕಾರ್ಯಕ್ರಮಕ್ಕೆ) ಹೊರಟಾಗ ನಮ್ಮ ಕೈಯಲ್ಲಿದ್ದದ್ದು ಒಂದೂವರೆ ಪುಟದ ಒಪ್ಪಿಗೆ ಪತ್ರ. ಅದರಲ್ಲಿ ‘ವಸತಿ ಮತ್ತು ಸಾಮಗ್ರಿ ಒಳಗೊಂಡಂತೆ’ ಎಂಬ ನಾಲ್ಕು ಪದಗಳಿದ್ದವು. ಆ ನಾಲ್ಕು ಪದಗಳಿಗೆ ಕರೆದವರ ಅರ್ಥವೇನು ಎಂದು ಮೊದಲೇ ಕೇಳಿಕೊಳ್ಳದೆ ಹೋದದ್ದಕ್ಕೆ ನಾವು ತಲಾ ಐದೂವರೆ ಸಾವಿರ ರೂಪಾಯಿ ಹೆಚ್ಚಿಗೆ ತೆರಬೇಕಾಯಿತು. ಮುಂದಿನವರಿಗೆ ಹಾಗಾಗಬಾರದು ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಕರ್ನಾಟಕದ ನಾಲ್ವರು, ಢಾಕಾದಿಂದ ಬಂದ ಮೂವರು, ಕ್ಯೋಟೊದಿಂದ ಬಂದ ಇಬ್ಬರು, ಒಟ್ಟು ಒಂಬತ್ತು ವಿದ್ಯಾರ್ಥಿಗಳಿದ್ದೆವು. ಕರೆಸಿಕೊಂಡದ್ದು ಒಂದು ಖಾಸಗಿ ಸ್ಟುಡಿಯೊ. ಅದಕ್ಕೂ ರವೀಂದ್ರನಾಥ ಟಾಗೋರರು ಆ ಊರಿನಲ್ಲಿ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯಕ್ಕೂ ಸಂಬಂಧವಿರಲಿಲ್ಲ. ಊರಿನ ಹೆಸರು ಕೇಳಿದೊಡನೆ ವಿಶ್ವವಿದ್ಯಾಲಯದ ಕಾರ್ಯಕ್ರಮವೇ ಇರಬೇಕೆಂದು ನಾವು ಭಾವಿಸಿದ್ದು ಮೊದಲ ತಪ್ಪು.

ಬೆಂಗಳೂರಿನಿಂದ ಹೌರಾಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ದಿನ, ಅಲ್ಲಿಂದ ಶಾಂತಿನಿಕೇತನಕ್ಕೆ ಹತ್ತಿರದ ನಿಲ್ದಾಣವಾದ ಬೋಲ್‌ಪುರಕ್ಕೆ ಎರಡೂವರೆ ಮೂರು ಗಂಟೆ. ಬೋಲ್‌ಪುರದಲ್ಲಿ ಹಗಲು ಹೊತ್ತು ಇಳಿಯುವಂತೆ ಟಿಕೆಟ್ ಮಾಡಿಸಿಕೊಳ್ಳುವುದು ಮೇಲು. ರಾತ್ರಿ ಒಂಬತ್ತಕ್ಕೆ ಇಳಿದ ನಮ್ಮಿಂದ ಟೋಟೊದವನು (ಬ್ಯಾಟರಿ ರಿಕ್ಷಾವನ್ನು ಅಲ್ಲಿ ಹಾಗೆ ಕರೆಯುತ್ತಾರೆ) ನಾನೂರು ರೂಪಾಯಿ ತೆಗೆದುಕೊಂಡ. ಅದೇ ದಾರಿಗೆ ಹಗಲಿನಲ್ಲಿ ನಾಲ್ವರೂ ಸೇರಿ ನೂರು ಕೊಟ್ಟು ಹಲವು ಸಲ ಓಡಾಡಿದೆವು.

ನಮಗೆ ಕೊಟ್ಟ ಕೋಣೆ ಇಬ್ಬರಿಗೆ ಆಗುವಂಥದು. ಅದರಲ್ಲಿ ನಾಲ್ಕು ಹಾಸಿಗೆಗಳನ್ನು ಒತ್ತೊತ್ತಾಗಿ ಹಾಕಿದ್ದರು. ಮೇಜು ಇರಲಿಲ್ಲ, ಒಂದೇ ಬಲ್ಬು ಬಾಗಿಲಿನ ಮೇಲಿತ್ತು, ರಾತ್ರಿ ಚಿತ್ರ ಬರೆಯಬೇಕೆಂದರೆ ಹೊಸ್ತಿಲ ಮೇಲೆ ಕುಳಿತುಕೊಳ್ಳಬೇಕಿತ್ತು. ತಣ್ಣೀರಿನ ಸ್ನಾನವಾಗಲಿ ಸೊಳ್ಳೆಯಾಗಲಿ ನನಗೆ ದೊಡ್ಡ ಸಂಗತಿಯಲ್ಲ, ಹಳ್ಳಿಯಲ್ಲಿ ಬೆಳೆದವನು ನಾನು. ಆದರೆ ಮೊದಲ ಶುಕ್ರವಾರ ಸಂಜೆ ಮ್ಯಾನೇಜರ್ ಬಂದು, ವಾರಾಂತ್ಯದಲ್ಲಿ ಕೋಲ್ಕತಾದವರು ಬರುವುದರಿಂದ ದರ ಏರುತ್ತದೆ, ಶುಕ್ರವಾರ ಮತ್ತು ಶನಿವಾರ ರಾತ್ರಿಗೆ ತಲಾ ಐನೂರು ಹೆಚ್ಚಿಗೆ ಕೊಡಬೇಕು ಎಂದಾಗ ಬಹಳ ನೋವಾಯಿತು. ಮೂರು ವಾರಾಂತ್ಯಕ್ಕೆ ಅದೇ ಮೂರು ಸಾವಿರ. ಸ್ಟುಡಿಯೊದವರನ್ನು ಕೇಳಿದರೆ ಅದು ವಸತಿಗೃಹದವರ ವಿಚಾರ ಎಂದರು. ವಸತಿಗೃಹದವರನ್ನು ಕೇಳಿದರೆ ಸ್ಟುಡಿಯೊದವರ ವಿಚಾರ ಎಂದರು. ಆ ಊರಿನಲ್ಲಿ ವಾರಾಂತ್ಯ, ಡಿಸೆಂಬರಿನ ಪೌಷ ಮೇಳ ಮತ್ತು ಹೋಳಿಯ ವಸಂತೋತ್ಸವದ ದಿನಗಳಲ್ಲಿ ಕೋಣೆಗಳ ದರ ಏರುವುದು ನಿಜ. ಆದ್ದರಿಂದಲೇ, ಎಷ್ಟು ಜನರಿಗೆ ಒಂದು ಕೋಣೆ, ವಾರಾಂತ್ಯವೂ ಸೇರಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಹಣ ಕಟ್ಟುವ ಮೊದಲು ಬರಹದಲ್ಲಿ ಉತ್ತರ ಪಡೆಯಿರಿ.

ಸಾಮಗ್ರಿಯ ಕಥೆ ಇನ್ನೂ ಬೇಸರದ್ದು. ನಮ್ಮ ಮುಖ್ಯ ಕೆಲಸ ಹಸಿ ಗಾರೆಯ ಮೇಲೆ ಫ್ರೆಸ್ಕೊ ಮಾಡುವುದಾಗಿತ್ತು. ಸುಣ್ಣ, ಮರಳು ಮತ್ತು ಹಲಗೆಗೆ ತಲಾ ಎರಡೂವರೆ ಸಾವಿರ ಬೇರೆ ಕೊಡಬೇಕೆಂದು ಎರಡನೆಯ ದಿನ ಹೇಳಿದರು. ಕೊಟ್ಟೆವು. ಫ್ರೆಸ್ಕೊಗೆ ಬಳಸುವ ಸುಣ್ಣವನ್ನು ನೀರಿನಲ್ಲಿ ತಿಂಗಳುಗಟ್ಟಲೆ ಅರಳಿಸಿ ಇಡಬೇಕು. ಗಾರೆ ಒಣಗುವ ಮೊದಲು ಬಣ್ಣ ಹಚ್ಚಿದರೆ ಸುಣ್ಣವು ಗಾಳಿಯೊಂದಿಗೆ ಕೂಡಿ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೆ ಕಟ್ಟಿಕೊಳ್ಳುತ್ತದೆ. ನಮಗೆ ಕೊಟ್ಟ ಸುಣ್ಣವನ್ನು ಅರಳಿಸಿ ಒಂದು ವಾರವೂ ಆಗಿರಲಿಲ್ಲ. ಕೈಯಲ್ಲಿ ಉಜ್ಜಿದರೆ ಬೆಣ್ಣೆಯಂತೆ ಜಾರಬೇಕಾದದ್ದು ಹರಳು ಹರಳಾಗಿ ಸಿಗುತ್ತಿತ್ತು. ಮೂರನೆಯ ದಿನ ಬೆಳಗ್ಗೆ ನೋಡಿದಾಗ ಒಂಬತ್ತರಲ್ಲಿ ಆರು ಹಲಗೆಗಳು ಬಿರುಕು ಬಿಟ್ಟಿದ್ದವು, ಅಲ್ಲಲ್ಲಿ ಸುಣ್ಣದ ಹರಳು ಉಬ್ಬಿ ಬಣ್ಣದ ಚಕ್ಕೆ ಎದ್ದಿತ್ತು. ನೀವು ಫ್ರೆಸ್ಕೊಗೆ ಹೋಗುವುದಾದರೆ ಸುಣ್ಣ ಎಷ್ಟು ತಿಂಗಳು ಹಳೆಯದು ಎಂದು ಮೊದಲೇ ಕೇಳಿ. ಆ ಪ್ರಶ್ನೆಗೆ ಸರಿಯಾದ ಉತ್ತರ ಬಾರದಿದ್ದರೆ ಬೇರೆ ಕಾರ್ಯಕ್ರಮ ಹುಡುಕಿಕೊಳ್ಳಿ.

ಹಲಗೆ ಬಿರಿದ ಮೇಲೆ ನಮಗೆ ಪಾಠ ಸಿಕ್ಕಿದ್ದು ಹಳೆಯ ಗೋಡೆಗಳಿಂದ. ವಿಶ್ವಭಾರತಿಯ ಹಿಂದಿ ಭವನದಲ್ಲಿ ಬಿನೋದ್ ಬಿಹಾರಿ ಮುಖರ್ಜಿ 1947ರಲ್ಲಿ ಮುಗಿಸಿದ ಮಧ್ಯಯುಗದ ಸಂತರ ಭಿತ್ತಿಚಿತ್ರವಿದೆ. ಅದೂ ಹಸಿ ಗಾರೆಯ ಮೇಲಿನ ಕೆಲಸವೇ. ಹುಟ್ಟಿನಿಂದಲೇ ದೃಷ್ಟಿ ಮಂದವಾಗಿದ್ದ ಆ ಕಲಾವಿದರು ಗೋಡೆಯ ಮೇಲೆ ಪೂರ್ತಿ ರೇಖಾಚಿತ್ರವನ್ನು ಇಳಿಸಿಕೊಳ್ಳದೆ ನೇರವಾಗಿ ಕುಂಚ ಹಿಡಿದವರು. ಕಬೀರ, ಸೂರದಾಸ, ತುಳಸೀದಾಸರ ನಡುವೆ ಜನ ನದಿಯಂತೆ ಹರಿಯುವುದನ್ನು ಕತ್ತೆತ್ತಿ ನೋಡುತ್ತ ಒಂದು ಇಡೀ ಬೆಳಗು ಕಳೆದೆವು. ಕ್ಯೋಟೊದ ಗೆಳತಿ ಒಂದು ದಿನದ ಗಾರೆ ಎಲ್ಲಿ ಮುಗಿದು ಮರುದಿನದ್ದು ಎಲ್ಲಿ ಶುರುವಾಗಿದೆ ಎಂದು ಹುಡುಕುತ್ತಿದ್ದಳು. ಇದಕ್ಕೆಲ್ಲ ಅನುಮತಿ ಬೇಕು. ಆವರಣ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ, ಕಂಡಲ್ಲಿ ನುಗ್ಗುವಂತಿಲ್ಲ. ನಾವು ಕಾಲೇಜಿನ ಪತ್ರವಿಲ್ಲದೆ ಹೋಗಿ, ಪ್ರಾಂಶುಪಾಲರಿಂದ ತರಿಸಿಕೊಳ್ಳುವಷ್ಟರಲ್ಲಿ ಎರಡು ದಿನ ಕಳೆದುಕೊಂಡೆವು. ವಾರದ ರಜೆ ಅಲ್ಲಿ ಬುಧವಾರ; ಅಂದು 1891ರ ಗಾಜಿನ ಉಪಾಸನಾ ಗೃಹದಲ್ಲಿ ಪ್ರಾರ್ಥನೆ ನಡೆಯುತ್ತದೆ. ಇದನ್ನು ತಿಳಿಯದೆ ಬುಧವಾರಕ್ಕೇ ಮ್ಯೂಸಿಯಂ ಇಟ್ಟುಕೊಳ್ಳಬೇಡಿ.

ವಿಶ್ವಭಾರತಿಯ ಕಲಾ ಶಾಲೆಯಾದ ಕಲಾಭವನದ ಅಂಗಳದಲ್ಲಿ ರಾಮ್‌ಕಿಂಕರ್ ಬೈಜ್ 1938ರಲ್ಲಿ ಮಾಡಿದ ‘ಸಂತಾಲ ಕುಟುಂಬ’ ಎಂಬ ಶಿಲ್ಪದ ಎದುರು ನಿಂತಾಗ, ಸಿಮೆಂಟಿನ ಜೊತೆ ಅವರು ಬೆರೆಸಿದ್ದ ಕೆಂಪು ಜಲ್ಲಿಯೂ ನಮ್ಮ ಚಪ್ಪಲಿಯ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಜಲ್ಲಿಯೂ ಒಂದೇ ಎಂದು ಕಂಡು ನನಗೆ ಮೈ ಜುಮ್ಮೆಂದಿತು. ನಮ್ಮ ಕರ್ನಾಟಕದ ಚಿತ್ರಕಾರ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತಾಗ ಜೊತೆಗಿದ್ದ ನಂದಲಾಲ್ ಬೋಸರೇ ಮುಂದೆ ಇಲ್ಲಿನ ಮುಖ್ಯ ಗುರುಗಳಾದರು. ಬೆಂಗಳೂರಿನಲ್ಲಿ ವೆಂಕಟಪ್ಪನವರ ಜಲವರ್ಣಗಳನ್ನು ನೋಡಿಯೇ ಇಲ್ಲಿಗೆ ಬನ್ನಿ.

ವಿನಿಮಯ ಎಂಬುದು ನಿಜವಾಗಿ ನಡೆದದ್ದು ವೇಳಾಪಟ್ಟಿಯಲ್ಲಿ ಇಲ್ಲದ ಒಂದು ಸಂಜೆ. ಢಾಕಾದ ಗೆಳತಿ ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿ, ತೆಳ್ಳಗೆ ನೀರು ಮಾಡಿ, ಒಂದು ಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿ ಅಂಗೈಯಲ್ಲಿ ಹಿಡಿದಳು. ಮೆಲ್ಲಗೆ ಹಿಂಡಿದಂತೆ ಹಿಟ್ಟಿನ ನೀರು ಉಂಗುರದ ಬೆರಳಿನ ತುದಿಗೆ ಇಳಿದು, ಆ ಬೆರಳೇ ಕುಂಚವಾಗಿ, ನಡುವಿನ ಒಂದು ಹೂವಿನಿಂದ ಬಳ್ಳಿ ಸುತ್ತಲೂ ಬೆಳೆಯುತ್ತ ಹೋಯಿತು. ಅದು ಆಲ್ಪನಾ. ಬರೆಯುವಾಗ ಒದ್ದೆ ನೆಲದ ಮೇಲೆ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ಪಕ್ಕದಲ್ಲಿ ನಾನು ಅಮ್ಮನಿಂದ ಕಲಿತ ಹದಿನೈದು ಚುಕ್ಕಿಯ ರಂಗೋಲಿ ಇಟ್ಟೆ. “ಮೊದಲೇ ಚುಕ್ಕಿ ಯಾಕೆ? ಕೈ ಹೋದ ಕಡೆ ಹೋಗಲು ಬಿಡಬಾರದೇ?” ಎಂದು ಅವಳು ಕೇಳಿದಳು. ಚುಕ್ಕಿಯನ್ನು ಮುಟ್ಟದೆ ಅದರ ಸುತ್ತ ಎಳೆ ಸುತ್ತಿ ಬಂದು ಹೊರಟಲ್ಲಿಗೇ ಸೇರಿಸಿ ತೋರಿಸಿದೆ. ಅವಳು ನಾಲ್ಕು ಸಲ ತಪ್ಪಿ ಐದನೆಯ ಸಲ ಸೇರಿಸಿದಳು. ನನಗೆ ಅವಳ ಬೆರಳಿನ ಓಟ ಮೂರು ವಾರದಲ್ಲೂ ಬರಲಿಲ್ಲ. ಅಂಥ ಸಂಜೆಗಳಿಗಾಗಿ ನಿಮ್ಮ ಮನೆಯಲ್ಲಿ ಕೈಯಿಂದ ಮಾಡುವ ಯಾವುದಾದರೊಂದು ಕೆಲಸವನ್ನು ಚೆನ್ನಾಗಿ ಕಲಿತು ಹೋಗಿ.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ಸ್ಟುಡಿಯೊದ ಹಿಂದಿನ ಓಣಿಯಲ್ಲಿ ತಗಡಿನ ಸೂರಿನ ಒಂದು ಅನ್ನದ ಹೋಟೆಲ್ ಇತ್ತು, ಬೆಂಚು ಎರಡೇ. ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಮಾಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾವೂ ಹಾಗೇ ಕರೆದೆವು. ಎಪ್ಪತ್ತು ರೂಪಾಯಿಗೆ ಅನ್ನ, ಮಸೂರದ ಬೇಳೆ, ಹುರಿದ ಬದನೆಕಾಯಿ ಹೋಳು, ಸಿಹಿ ಟೊಮೆಟೊ ಚಟ್ನಿ, ಒಂದು ಸೀಳು ನಿಂಬೆ, ಮತ್ತು ಆಲೂ ಪೋಸ್ತೊ. ನಾವು ಹೆಚ್ಚಾಗಿ ಪಾಯಸಕ್ಕೆ ಬಳಸುವ ಗಸಗಸೆಯನ್ನು ಅಲ್ಲಿ ನುಣ್ಣಗೆ ಅರೆದು ಆಲೂಗಡ್ಡೆಯ ಜೊತೆ ಬೇಯಿಸುತ್ತಾರೆ. ಸಾಸಿವೆ ಎಣ್ಣೆಯ ಘಾಟು ಎರಡು ದಿನ ಕಷ್ಟವಾಯಿತು, ಮೂರನೆಯ ದಿನ ಅದಿಲ್ಲದ ಊಟ ಸಪ್ಪೆ ಎನಿಸಿತು. ಮಾಶಿ ಅನ್ನದ ತಪಲೆ ಹಿಡಿದು “ಆರ್ ಏಕ್ಟು ಭಾತ್?” ಎಂದು, ಇನ್ನೊಂದು ಚೂರು ಅನ್ನ ಹಾಕಲೇ ಎಂದು, ಕೇಳುತ್ತಲೇ ಬಡಿಸಿಬಿಡುತ್ತಿದ್ದರು. ಸಸ್ಯಾಹಾರಿಗಳು ‘ನಿರಾಮಿಷ್’ ಎಂಬ ಪದ ಕಲಿತುಕೊಂಡರೆ ಸಾಕು. ಸ್ಟುಡಿಯೊದ ಊಟಕ್ಕೆ ಮುಂಗಡ ಕಟ್ಟದೆ ಇಂಥ ಜಾಗ ಹುಡುಕಿಕೊಳ್ಳಿ.

ಊರಿನ ಪಕ್ಕದ ಸೋನಾಝುರಿ ಕಾಡಿನಲ್ಲಿ ನಡೆಯುವ ಕರಕುಶಲ ಸಂತೆಯನ್ನು ಎಲ್ಲರೂ ಹೊಗಳುತ್ತಾರೆ. ಶನಿವಾರ ಹೋದ ನನಗೆ ಜನಜಂಗುಳಿಯಲ್ಲಿ ಉಸಿರು ಕಟ್ಟಿತು, ಅರ್ಧ ಗಂಟೆಯಲ್ಲಿ ಹೊರಬಂದೆ. ವಾರದ ನಡುವೆ ಬೆಳಗ್ಗೆ ಬೇಗ ಹೋಗಿ ಕೊರಕಲು ಬಿದ್ದ ಖೋಯಾಯಿಯ ಕೆಂಪು ನೆಲ ನೋಡಿ. ಅಲ್ಲಿಂದ ತಂದ ಮಣ್ಣನ್ನು ಸೋಸಿದರೆ ಒಳ್ಳೆಯ ಬಣ್ಣವಾಗುತ್ತದೆ.

ಕೊನೆಯ ದಿನ ಸ್ಟುಡಿಯೊದವರು ಒಬ್ಬೊಬ್ಬರೂ ಎರಡು ಕೃತಿಗಳನ್ನು ಬಿಟ್ಟು ಹೋಗಬೇಕು ಎಂದರು. ಪತ್ರದಲ್ಲಿ ಆ ಮಾತೇ ಇರಲಿಲ್ಲ. ಢಾಕಾದವರು ಪತ್ರವನ್ನು ಮುಂದಿಟ್ಟು ವಾದಿಸಿದ್ದರಿಂದ ಎರಡು ಒಂದಾಯಿತು. ನಾನು ಬಿಟ್ಟದ್ದು ಬಿರುಕು ಬಿಡದೆ ಉಳಿದ ಮೂರು ಹಲಗೆಗಳಲ್ಲೊಂದು. ಕೃತಿ ಯಾರದು, ಅದರ ಚಿತ್ರ ತೆಗೆದು ಬಳಸುವ ಹಕ್ಕು ಯಾರದು ಎಂಬುದನ್ನೂ ಬರೆಸಿಕೊಳ್ಳಿ, ಬಿಡುವ ಮೊದಲು ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕಾಗದದ ಕೆಲಸಗಳಿಗೆ ಪ್ಲಾಸ್ಟಿಕ್ ಕೊಳವೆಯನ್ನು ಮನೆಯಿಂದಲೇ ಒಯ್ಯಿರಿ, ರೈಲಿನಲ್ಲಿ ಮೇಲಿನ ಬರ್ತ್ ಹಿಡಿದರೆ ಅದನ್ನು ಗೋಡೆಯ ಬದಿಗೆ ಇಟ್ಟುಕೊಂಡು ಮಲಗಬಹುದು.