ಬಾಗಿಲಿಗೂ ಬಲಿಪೀಠಕ್ಕೂ ನಡುವೆ ಒಂದು ಜಾಗ

ನಮ್ಮ ಚರ್ಚಿನ ಮುಂಭಾಗಕ್ಕೆ ಜನ ಸೇರೋಕೆ, ನಿಂತು ಮಾತಾಡೋಕೆ ಒಂದು ಜಾಗ ಕಟ್ಬೇಕು ಅಂತ ಪಾಲನಾ ಮಂಡಳೀಲಿ ಮಾತು ಶುರುವಾಗಿ ಒಂದು ವರ್ಷ ಆಯ್ತು. ಕಟ್ಟಡ ಸಮಿತೀಲಿ ನಾನೂ ಇದೀನಿ. ಮೊದಲನೇ ಮೀಟಿಂಗಲ್ಲೇ ಎಲ್ರೂ ಎಷ್ಟು ಚದರ ಅಡಿ, ಗಾಜಿನ ಗೋಡೆನಾ, ಚಾವಣಿ ಎಂಥದ್ದು ಅನ್ನೋದಕ್ಕೆ ಹೋಗ್ಬಿಟ್ರು, ನಾನು ಕೇಳ್ಕೊಂಡಿದ್ದು ಒಂದೇ, ಪ್ಲಾನ್ ಬರೆಸೋಕೆ ಮುಂಚೆ ನಾಲ್ಕು ಭಾನುವಾರ ಬಾಗಿಲ ಹತ್ರ ನಿಂತು ಏನಾಗುತ್ತೆ ಅಂತ ನೋಡೋಣ. ಫಾದರ್ ಒಪ್ಪಿದ್ರು, ನೀವೇ ನೋಡಿ ಬರ್ಕೊಂಡು ಬನ್ನಿ ಅಂದ್ರು.

ಎರಡನೇ ಭಾನುವಾರ ಕಂಡಿದ್ದು ಇವತ್ತಿಗೂ ಮನಸ್ಸಲ್ಲಿ ಕೂತಿದೆ. ಗಂಡ ಹೆಂಡ್ತಿ, ಕೈಯಲ್ಲೊಂದು ಮಗು, ಮೊದಲ ಸಲ ಬಂದಿರೋರು ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಪೂಜೆ ಮುಗೀತು, ಜನ ಎಲ್ಲ ಒಂದೇ ಸಲ ಬಾಗಿಲ ಕಡೆ ಬಂದ್ರು, ಅವ್ರು ನೋಟಿಸ್ ಬೋರ್ಡ್ ಪಕ್ಕ ಸರಿದು ಅಲ್ಲಿದ್ದ ಒಂದು ಹಾಳೆ ತಗೊಂಡು ಓದಿದ್ರು, ತಿರುಗಿಸಿ ಮತ್ತೆ ಅದನ್ನೇ ಓದಿದ್ರು, ಹಿಂದಿನಿಂದ ಯಾರೋ ದಾರಿ ಕೇಳಿದ್ರು, ಸರಿದ್ರು, ಮತ್ತೊಬ್ರು ಕೇಳಿದ್ರು, ಕೊನೆಗೆ ಹಾಳೆ ಇಟ್ಟು ಮೆಟ್ಟಿಲಿಳಿದು ಹೋಗ್ಬಿಟ್ರು. ನಾನು ಜನರ ಮಧ್ಯೆ ನುಸುಳಿ ಹೋಗೋಷ್ಟರಲ್ಲಿ ಅವ್ರು ಗೇಟ್ ದಾಟಿದ್ರು. ನಮ್ಮ ಜನ ಒರಟರಲ್ಲ, ಯಾರೂ ಅವ್ರನ್ನ ಕಡೆಗಣಿಸಲಿಲ್ಲ, ಆದ್ರೆ ಯಾರಿಗೂ ಅಡ್ಡ ಆಗ್ದೇ ನಿಲ್ಲೋಕೆ ಆ ಕಟ್ಟಡದಲ್ಲಿ ನಾಲ್ಕು ಹೆಜ್ಜೆ ಜಾಗ ಇಲ್ಲ. ಸ್ವಾಗತ ಮಾಡೋಕೆ ಮನಸ್ಸಿದ್ರೆ ಸಾಕು ಅಂತ ನಾನೂ ಅಂದ್ಕೊಂಡಿದ್ದೆ, ಜಾಗವೂ ಬೇಕು ಅಂತ ಅವತ್ತು ಗೊತ್ತಾಯ್ತು.

ಇದೆಲ್ಲ ಈಗಿನ ಕಾಲದ ಶೋಕಿ, ಹಳೇ ಚರ್ಚುಗಳಲ್ಲಿ ಇರಲಿಲ್ಲ ಅಂತ ಸಮಿತೀಲಿ ಒಬ್ರು ಹಿರಿಯರು ಹೇಳಿದ್ರು. ಅವರ ಮೇಲೆ ನನಗೆ ತುಂಬ ಗೌರವ ಇದೆ, ಆದ್ರೆ ಇದು ನಿಜ ಅಲ್ಲ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿ ದಂಡೆಯ ದೂರಾ ಯೂರೋಪೋಸ್‌ನಲ್ಲಿ ಮೂರನೇ ಶತಮಾನದ ಒಂದು ಮನೆ-ಚರ್ಚು ಸಿಕ್ಕಿದೆ, ಅದರಲ್ಲೂ ಬೀದಿಯಿಂದ ಮೊದಲು ಅಂಗಳಕ್ಕೆ ಬಂದು ಅಲ್ಲಿಂದ ಪ್ರಾರ್ಥನೆಯ ಕೋಣೆಗೆ ಹೋಗ್ಬೇಕಿತ್ತು. ರೋಮಿನಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಲ್ಲಿ ಶುರುವಾದ ಹಳೇ ಸಂತ ಪೇತ್ರರ ಬಸಿಲಿಕಾ ಮುಂದೆ ದೊಡ್ಡ ಅಂಗಳ, ಅದರ ನಡುವೆ ಕಾರಂಜಿ ಇತ್ತು. ಮಿಲಾನಿನ ಸಂತ ಅಂಬ್ರೋಸರ ಬಸಿಲಿಕಾಗೆ ಇವತ್ತಿಗೂ ಕಂಬಸಾಲಿನ ಅಂಗಳ ದಾಟಿಯೇ ಒಳಗೆ ಹೋಗೋದು. 537ರಲ್ಲಿ ಮುಗಿದ ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾಗೆ ಒಂದಲ್ಲ, ಎರಡು ನಾರ್ಥೆಕ್ಸ್, ಅಂದ್ರೆ ಒಳಬಾಗಿಲ ಮುಂದಿನ ಅಡ್ಡ ಪಡಸಾಲೆ. ದೀಕ್ಷಾಸ್ನಾನಕ್ಕೆ ಸಿದ್ಧ ಆಗ್ತಿದ್ದವರು, ಪ್ರಾಯಶ್ಚಿತ್ತದಲ್ಲಿ ಇದ್ದವರು ಇಂಥ ಜಾಗದಲ್ಲೇ ನಿಲ್ತಿದ್ದಿದ್ದು. ಇನ್ನೂ ಪೂರ್ತಿ ಒಳಗೆ ಬಾರದವರಿಗೂ ಚರ್ಚು ಒಂದು ಸೂರು ಕೊಟ್ಟಿತ್ತು ಅನ್ನೋದು ನನಗೆ ತುಂಬ ದೊಡ್ಡ ಮಾತು ಅನ್ಸುತ್ತೆ.

ನಮ್ಮ ವಿಧಿಗಳನ್ನೇ ನೋಡಿ, ಎಷ್ಟೊಂದು ಬಾಗಿಲಲ್ಲೇ ಶುರುವಾಗುತ್ತೆ. ಮಗುವಿನ ದೀಕ್ಷಾಸ್ನಾನಕ್ಕೆ ಗುರುಗಳು ಬಾಗಿಲಿಗೆ ಬಂದು ಹೆಸರೇನು ಅಂತ ಕೇಳಿ ಹಣೆ ಮೇಲೆ ಶಿಲುಬೆ ಗುರುತು ಹಾಕ್ತಾರೆ. ಮದುವೆಗೆ ವಧೂವರರನ್ನ ಎದುರುಗೊಳ್ಳೋದೂ ಅಲ್ಲೇ. ಗರಿಗಳ ಭಾನುವಾರ ಜನ ಹೊರಗೆ ಸೇರಿ ಮೆರವಣಿಗೇಲಿ ಬರ್ತಾರೆ, ಪಾಸ್ಖ ಜಾಗರಣೆಯ, ಅಂದ್ರೆ ಈಸ್ಟರ್ ಹಿಂದಿನ ರಾತ್ರಿ ಹೊರಗೆ ಬೆಂಕಿ ಹಚ್ಚಿ ಅದರಿಂದ ದೊಡ್ಡ ಮೋಂಬತ್ತಿ ಹೊತ್ತಿಸ್ಕೊಂಡು ಕತ್ತಲೆ ಚರ್ಚಿನೊಳಗೆ ನಡೀತಾರೆ. ಕಥೋಲಿಕ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆ ಬಗ್ಗೆ ಕೊಟ್ಟ ದಸ್ತಾವೇಜು ಚರ್ಚು ಕಟ್ಟುವಾಗ ಜನ ಸಕ್ರಿಯವಾಗಿ ಪಾಲ್ಗೊಳ್ಳೋಕೆ ಅನುಕೂಲ ಆಗೋ ಹಾಗಿರ್ಬೇಕು ಅಂತ ಹೇಳುತ್ತೆ, ಆ ಪಾಲ್ಗೊಳ್ಳೋದು ಬೆಂಚಲ್ಲಿ ಕೂತ್ಮೇಲೆ ಶುರುವಾಗೋದಲ್ಲ, ಹೊಸ್ತಿಲಲ್ಲೇ ಶುರು.

ಅಂತ್ಯಕ್ರಿಯೆ ಬಗ್ಗೆ ಬೇರೆಯಾಗೇ ಹೇಳ್ಬೇಕು. ಶವಪೆಟ್ಟಿಗೆಯನ್ನ ಬಾಗಿಲಲ್ಲಿ ಬರಮಾಡ್ಕೊಂಡು ದೀಕ್ಷಾಸ್ನಾನದ ನೆನಪಿಗೆ ತೀರ್ಥ ಚಿಮುಕಿಸ್ತಾರೆ. ನಮ್ಮಲ್ಲಿ ಹೊರಬಾಗಿಲಿಗೂ ಒಳಬಾಗಿಲಿಗೂ ಮಧ್ಯೆ ಇರೋದು ಪೆಟ್ಟಿಗೆ ಉದ್ದಕ್ಕಿಂತ ಕಮ್ಮಿ. ಹೋದ ಸಲ ಹೊತ್ತಿದ್ದ ಆರು ಜನರಲ್ಲಿ ಹಿಂದಿನ ಇಬ್ರು ಮಳೇಲೇ ನಿಂತಿದ್ರು, ಮುಂದಿನವರು ಒಳಬಾಗಿಲಿಗೆ ಒತ್ಕೊಂಡಿದ್ರು, ತೀರಿಕೊಂಡವರ ಮಗಳು ಬಾಗಿಲ ಎರಡು ಕದಗಳ ಸಂದಿಯಿಂದ ಇಣುಕಿ ನೋಡ್ತಿದ್ಲು. ಅಮ್ಮನಿಗೆ ಕೊನೇ ಸಲ ತೀರ್ಥ ಹಾಕೋದು ಅವಳಿಗೆ ಸರಿಯಾಗಿ ಕಾಣಲೇ ಇಲ್ಲ. ಚದರ ಅಡಿ ಲೆಕ್ಕದಲ್ಲಿ ಇದು ಎಲ್ಲೂ ಬರಲ್ಲ.

ಈಗ ಪ್ಲಾನಿಗೆ ಬರ್ತೀನಿ. ಜಾಸ್ತಿ ವಾದ ಆಗಿದ್ದು ಎಲ್ಲಿ ಕಟ್ಟೋದು ಅನ್ನೋದರ ಮೇಲೆ. ಪಕ್ಕದಲ್ಲಿ ಬೇರೆ ಕಟ್ಟಿದ್ರೆ ಖರ್ಚು ಕಮ್ಮಿ, ಹಳೇ ಮುಖಮಂಟಪ ಮುಟ್ಟೋದೇ ಬೇಡ ಅಂತ ಕೆಲವರು. ನನ್ನ ಅಭಿಪ್ರಾಯ ಖಡಾಖಂಡಿತ, ಒಳಗೆ ಹೋಗೋ ದಾರೀಲೇ ಇರ್ಬೇಕು, ಎಲ್ರೂ ಅದನ್ನ ದಾಟಿಯೇ ಹೋಗ್ಬೇಕು, ಅದರ ಹೊರಬಾಗಿಲಿಂದ ನೋಡಿದ್ರೆ ನೇರ ಬಲಿಪೀಠ ಕಾಣ್ಬೇಕು. ಪಕ್ಕದ ಹಾಲಿಗೆ ಹೋಗೋಕೆ ಯಾರಾದ್ರೂ ಕರೀಬೇಕು, ಹೊಸಬರನ್ನ ಕರೆಯೋರು ಇಲ್ದಿದ್ರೆ ಅವ್ರು ಹೋಗಲ್ಲ, ಎರಡು ವರ್ಷದಲ್ಲಿ ಅದು ಕುರ್ಚಿ ಪೇರಿಸಿಡೋ ಕೋಣೆ ಆಗುತ್ತೆ.

ಆದ್ರೆ ಹಳೇ ಕಟ್ಟಡಕ್ಕೆ ಹೊಸದನ್ನ ಅಂಟಿಸೋದು ಸುಲಭದ ಕೆಲಸ ಅಲ್ಲ. ಹಳೇ ಪಾಯ ಇಷ್ಟು ವರ್ಷದಲ್ಲಿ ಕೂರೋಷ್ಟು ಕೂತಾಗಿದೆ, ಹೊಸದು ಇನ್ನು ಮೇಲೆ ಕೂರೋದು, ಎರಡನ್ನೂ ಬಿಗಿಯಾಗಿ ಕಟ್ಟಿದ್ರೆ ಸೇರೋ ಜಾಗದಲ್ಲಿ ಬಿರುಕು ಬಿಡುತ್ತೆ, ಅದಕ್ಕೇ ಹೊಸದಕ್ಕೆ ಅದರದ್ದೇ ಪಾಯ, ನಡುವೆ ಸಂದು ಬಿಟ್ಟು ಎಕ್ಸ್‌ಪಾನ್ಷನ್ ಜಾಯಿಂಟ್. ಹೊಸ ಚಾವಣಿ ಹಳೇ ಗೋಡೆಗೆ ತಾಗೋ ಗೆರೆ ಉದ್ದಕ್ಕೂ ನೀರು ಇಳಿಯೋ ಅಪಾಯ ಇದ್ದೇ ಇರುತ್ತೆ, ಅಲ್ಲಿ ಚೌಕಾಸಿ ಮಾಡ್ಬಾರ್ದು. ಚಾವಣಿ ತಗ್ಗಿನಲ್ಲಿರ್ಬೇಕು, ಇಲ್ದಿದ್ರೆ ಮುಂಭಾಗದ ದುಂಡು ಕಿಟಕಿ ಮುಚ್ಚಿಹೋಗಿ ಒಳಗೆ ಬೀಳೋ ಸಂಜೆ ಬೆಳಕು ನಿಂತೇಹೋಗುತ್ತೆ.

ಎಷ್ಟು ದೊಡ್ಡದು ಅನ್ನೋದಕ್ಕೆ ಒಂದು ಲೆಕ್ಕ ಸಿಕ್ತು. ಅಮೆರಿಕದ ಕಟ್ಟಡ ನಿಯಮಗಳಲ್ಲಿ ಜನ ಸೇರೋ ಜಾಗದಲ್ಲಿ ನಿಂತವರಿಗೆ ತಲೆಗೆ 5 ಚದರ ಅಡಿ, ಬರೀ ಕುರ್ಚಿ ಹಾಕಿದ್ರೆ 7, ಟೇಬಲ್ಲೂ ಇದ್ರೆ 15 ಅಂತ ಹಿಡೀತಾರೆ. 300 ಜನಕ್ಕೆ ನಿಲ್ಲೋಕೆ 1500 ಚದರ ಅಡಿ ಆಯ್ತು. ಆದ್ರೆ ಇದು ಬೆಂಕಿ ಅನಾಹುತ ಆದಾಗ ಹೊರಗೆ ಹೋಗೋ ಬಾಗಿಲು ಎಷ್ಟಿರ್ಬೇಕು ಅಂತ ಲೆಕ್ಕ ಹಾಕೋಕೆ ಇರೋ ಅಂಕಿ, ಆರಾಮಾಗಿ ಮಾತಾಡೋಕಲ್ಲ, ಅದರ ಎರಡರಷ್ಟಾದ್ರೂ ಬೇಕು ಅಂತ ನಾನು ಹಟ ಹಿಡಿದೆ, ಯಾಕಂದ್ರೆ ಮೊದಲ ಪೂಜೆ ಬಿಟ್ಟು ಹೋಗೋರು ಎರಡನೇ ಪೂಜೆಗೆ ಬರೋರು ಎದುರುಬದುರಾಗೋ ಹತ್ತು ನಿಮಿಷ ಇದ್ಯಲ್ಲ, ಆ ಜಾಗ ಅಳೀಬೇಕಾಗಿರೋದು ಆ ಹೊತ್ತಿಗೆ. ಇನ್ನೊಂದು, ಚರ್ಚಿನೊಳಗಿನ ಜನ ಇನ್ಮೇಲೆ ಈ ಜಾಗದ ಮೂಲಕವೇ ಹೊರಗೆ ಬರ್ಬೇಕು, ಆದ್ರಿಂದ ಬಾಗಿಲೆಲ್ಲ ಹೊರಕ್ಕೇ ತೆರೀಬೇಕು, ದಾರೀಲಿ ಒಂದು ಕುರ್ಚಿಯೂ ಇರ್ಬಾರ್ದು.

ಮೆಟ್ಟಿಲು ಬೇಡವೇ ಬೇಡ. ಗಾಲಿಕುರ್ಚಿಯವರಿಗೆ ಹಿಂದುಗಡೆ ಒಂದು ರಾಂಪ್ ಅಂದ್ರೆ ಅವ್ರನ್ನ ಹಿಂದಿನ ಬಾಗಿಲಿಂದ ಬನ್ನಿ ಅಂದ ಹಾಗೆ. 1 ಅಡಿ ಏರೋಕೆ 12 ಅಡಿ ಇಳಿಜಾರು ಬೇಕು, ನಮ್ಮಲ್ಲಿ ಏರು 2 ಅಡಿ, ಅಂಗಳವನ್ನೇ ನಿಧಾನಕ್ಕೆ ಎತ್ತರಿಸ್ಕೊಂಡು ಬಂದ್ರೆ ಎಲ್ರಿಗೂ ಒಂದೇ ದಾರಿ ಆಗುತ್ತೆ.

ಮೌನದ ವಿಷಯ ಎತ್ತಿದ್ದು ಅದೇ ಹಿರಿಯರು, ಇದರಲ್ಲಿ ಅವ್ರು ನನಗಿಂತ ಸರಿಯಾಗಿದ್ರು. ಪೂಜೆ ಹೇಗೆ ನಡೀಬೇಕು ಅಂತ ಹೇಳೋ ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನ, ಪೂಜೆಗೆ ಮುಂಚೆ ಚರ್ಚಿನಲ್ಲಷ್ಟೇ ಅಲ್ಲ ಅದರ ಅಕ್ಕಪಕ್ಕದ ಜಾಗಗಳಲ್ಲೂ ಮೌನ ಇದ್ರೆ ಒಳ್ಳೇದು ಅನ್ನುತ್ತೆ. ಹಾಗಾಗಿ ಗಾಜು, ಗಟ್ಟಿ ನೆಲ ಇದ್ಮೇಲೆ ಚಾವಣಿಗಾದ್ರೂ ಸದ್ದು ಹೀರೋ ಹಲಗೆ ಹಾಕೋದು, ಒಳಕ್ಕೆ ಎರಡು ಸಾಲು ಬಾಗಿಲು, ಒಂದು ಮುಚ್ಚಿದ್ಮೇಲೆ ಇನ್ನೊಂದು ತೆಗೆಯೋಷ್ಟು ಅಂತರ, ಪ್ರಾರ್ಥನೆಗೆ ಅಂತ ಬೇಗ ಬರೋರಿಗೆ ಗುಂಪಿನ ಮಧ್ಯೆ ಹಾಯದೇ ಒಳಗೆ ಹೋಗೋಕೆ ಒಂದು ಬದಿಯ ದಾರಿ ಅಂತ ತೀರ್ಮಾನ ಆಯ್ತು. ಮಾತಿಗೆ ಅದರದ್ದೇ ಜಾಗ ಸಿಕ್ರೆ ಬೆಂಚುಗಳ ಮಧ್ಯೆ ನಡೆಯೋ ಮಾತು ಕಮ್ಮಿ ಆಗುತ್ತೆ ಅಂತ ನನ್ನ ನಂಬಿಕೆ.

ಕಾನೂನಿನ ಕಡೆ, 1983ರ ಧರ್ಮಸಭೆಯ ಕಾನೂನು ಚರ್ಚು ಕಟ್ಟೋಕೂ ರಿಪೇರಿಗೂ ತಜ್ಞರ ಸಲಹೆ ತಗೊಂಡು ಆರಾಧನೆ ಮತ್ತು ಪವಿತ್ರ ಕಲೆಯ ನಿಯಮ ಪಾಲಿಸ್ಬೇಕು ಅನ್ನುತ್ತೆ, ಇಂಥ ದೊಡ್ಡ ಖರ್ಚಿಗೆ ಧರ್ಮಪ್ರಾಂತ್ಯದ, ಅಂದ್ರೆ ಬಿಷಪ್ಪರ ಕಡೆಯ ಲಿಖಿತ ಒಪ್ಪಿಗೆ ಬೇಕು. ಅದು ಮುಂದಿನ ತಿಂಗಳು.

ಆರ್ಕಿಟೆಕ್ಟ್ ಕೊಟ್ಟ ಮೊದಲ ನಕ್ಷೆ ನೋಡೋಕೆ ಬಹಳ ಚೆಂದ ಇತ್ತು. ಹೋದ ಶನಿವಾರ ಅದನ್ನ ಅಂಗಳದ ಮೇಲೆ ಹಗ್ಗ, ಸೀಮೆಸುಣ್ಣದಲ್ಲಿ ಪೂರ್ತಿ ಅಳತೇಲೇ ಗುರುತು ಹಾಕಿ, ಚರ್ಚಿನ ಒಂದು ಉದ್ದ ಬೆಂಚನ್ನ ಆರು ಜನರ ಹೆಗಲ ಮೇಲಿಟ್ಟು ಶವಪೆಟ್ಟಿಗೆ ಥರ ನಡೆಸ್ಕೊಂಡು ಬಂದ್ವಿ. ಎಡಗಡೆ ಕಂಬದ ಗುರುತಿನ ಹತ್ರ ಬಂದು ನಿಂತ್ಬಿಟ್ರು, ತಿರುಗೋಕೆ ಆಗ್ಲಿಲ್ಲ. ಕಂಬ ಅಳಿಸಿ ನಾಲ್ಕು ಅಡಿ ಸರಿಸಿ ಮತ್ತೆ ಬಂದ್ರು, ಈ ಸಲ ಸಲೀಸಾಗಿ ಒಳಗೆ ಬಂದು ನಿಂತ್ರು, ಸುತ್ತ ಮನೆಯವರು ನಿಲ್ಲೋಕೂ ಜಾಗ ಉಳೀತು. ಎಂಬತ್ತು ದಾಟಿದ ಅಜ್ಜಿಯೊಬ್ರು ಎಲ್ಲ ನೋಡ್ತಾ ಇದ್ರು, ಗೋಡೆ ಉದ್ದಕ್ಕೂ ನಾವು ಕೂರೋ ಜಾಗ ಅಂತ ಎಳೆದಿದ್ದ ಗೆರೆ ಮೇಲೆ ಒಂದು ಕುರ್ಚಿ ಹಾಕಿಸ್ಕೊಂಡು ಕೂತ್ರು. "ನೋಡಮ್ಮಾ, ಇಲ್ಲಿ ಕೂತ್ರೆ ಬರೋರ ಮುಖ ಕಾಣಲ್ಲ, ಬೆನ್ನೇ ಕಾಣೋದು" ಅಂದ್ರು. ಕುರ್ಚಿ ಎತ್ತಿ ಎದುರುಗೋಡೆಗೆ ಹಾಕಿದ್ವಿ, ಕೂತು ಬಾಗಿಲ ಕಡೆ ನೋಡಿದ್ರು, ಕೈಯಾನಿಸಿ ಏಳೋಕೆ ಹಿಡಿ ಇರೋ ಬೆಂಚೇ ಮಾಡ್ಸಿ ಅಂದ್ರು. ಆ ಗೆರೆಯನ್ನ ಅಳಿಸಿ ಈ ಕಡೆ ಎಳೆದಿದೀನಿ, ತಿದ್ದಿದ ನಕ್ಷೆ ನಾಳೆ ಆರ್ಕಿಟೆಕ್ಟಿಗೆ ಹೋಗುತ್ತೆ.